ಹಾಸು ಎತ್ತಿ ನೋಡ್ರಿ ಎಂದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹನ್ನೊಂದು ದಿನ ತಡವಾಗಿ. ಗೋಕಾಕಿನ ನನ್ನ ಅಂಗಡಿಗೆ ಟ್ರ್ಯಾಕ್ಟರಿನ ಡೈನಮೋ ಹೊತ್ತು ತಂದಿದ್ದ ತುಕ್ಕಾನಟ್ಟಿಯ ರೈತರೊಬ್ಬರು ಬೆಂಚಿನ ಮೇಲೆ ಕೂತು ಊರ ಸುದ್ದಿ ಹೇಳುತ್ತಿದ್ದರು. ಮಳೆ, ಕಬ್ಬು, ಯಾರದೋ ಮದುವೆ. ಅದೇ ದನಿಯಲ್ಲಿ, "ಮೂಡಲಗಿ ಸಾವಕಾರ್ರ ಗಾಡಿ ಹೊಡೀತಿದ್ನಲ್ರಿ ನಮ್ಮೂರಾಂವ, ಅಂವ ಹ್ವಾದ. ಹೋದ ವಾರ ದಿನಕರ್ಮಾನೂ ಮಾಡಿದ್ರು" ಎಂದರು. ನಾನು "ಹೌದಾ?" ಎಂದೆ. ಅಷ್ಟೇ. ಬಿಚ್ಚುತ್ತಿದ್ದ ಬೋಲ್ಟನ್ನು ಬಿಚ್ಚುತ್ತಲೇ ಇದ್ದೆ. ಅವರು ಹೋದ ಮೇಲೆ ನೋಡಿದರೆ, ಅದನ್ನು ತಿರುವುಮುರುವಾಗಿ ತಿರುಗಿಸಿ ಇನ್ನಷ್ಟು ಬಿಗಿ ಮಾಡಿಟ್ಟಿದ್ದೆ.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಎತ್ತರದ ಒಣಕಲು ಆಳು, ಬಿಳಿ ಅಂಗಿ, ಕಾಲರಿನ ಒಳಗೆ ಮಡಚಿಟ್ಟ ಕರವಸ್ತ್ರ. ಕುರುಬರ ಮನೆತನ. ತಂದೆ ಜೀವಮಾನವೆಲ್ಲ ಕುರಿಹಿಂಡಿನ ಹಿಂದೆ ಅಡ್ಡಾಡಿದವರು. ಕಾಕಾ ಲಾರಿಯ ಕ್ಲೀನರಾಗಿ ಸೇರಿ, ಡ್ರೈವರಾಗಿ, ಆಮೇಲೆ ಮೂಡಲಗಿಯ ಬೆಲ್ಲದ ವ್ಯಾಪಾರಿ ಸಾವಕಾರರ ಮನೆಯ ಅಂಬಾಸಡರಿಗೆ ಬಂದು ನಿಂತವರು. ಆ ಮನೆಯಲ್ಲಿ ಗಾಡಿಗಳು ಬದಲಾದವು, ಡ್ರೈವರ್ ಬದಲಾಗಲಿಲ್ಲ. ಗಾಡಿ ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದರು. ದೇವರ ಭಕ್ತಿ ಇರಬೇಕು ಎಂದುಕೊಂಡು ಒಮ್ಮೆ ಕೇಳಿದೆ. "ಭಕ್ತಿ ಅಲ್ರಿ. ಪೆಡಲಿನ ನಡಗ ಅಂಗಾಲಿಗೆ ತಿಳೀಬೇಕು. ಚಪ್ಪಲಿ ಹಾಕ್ಕೊಂಡ್ರ ಅರ್ಧಾ ಮಾತು ಚಪ್ಪಲಿನ ಕೇಳಿಬಿಡತೈತಿ" ಎಂದರು.

ಕೌಜಲಗಿ ಹಾದಿಯಲ್ಲಿ ಕುರಿಹಿಂಡು ಅಡ್ಡ ಬಂದರೆ ಎಂಜಿನ್ ಆರಿಸಿ ಕೂತುಬಿಡುತ್ತಿದ್ದರಂತೆ. ಹಿಂದೆ ಕೂತ ಸಾವಕಾರರು ಗಡಿಯಾರ ನೋಡಿಕೊಂಡು ಗದರಿದರೂ ಹಾರ್ನ್ ಹೊಡೆಯುತ್ತಿರಲಿಲ್ಲ. "ಹಾರ್ನ್ ಹೊಡದ್ರ ಮರಿ ತಾಯಿನ್ನ ಬಿಡತಾವ್ರಿ." ಸಾವಕಾರರ ತಾಯಿ ಹೊತ್ತು ಮುಳುಗಿದ ಮೇಲೆ ಊಟ ಮಾಡದ ಜೈನ ಮುದುಕಿ. ಆಕೆಯನ್ನು ಕೊಲ್ಲಾಪುರಕ್ಕೆ ಕರೆದೊಯ್ದ ದಿನಗಳಲ್ಲಿ, ಗಾಡಿ ಜೋರು ಮಾಡದೆಯೇ ಹೊತ್ತಿರುವಾಗ ಮನೆ ಮುಟ್ಟಿಸುವುದು ಹೇಗೆಂಬ ಲೆಕ್ಕ ಬೆಳಗಿನಿಂದಲೇ ಅವರ ತಲೆಯಲ್ಲಿ ಓಡುತ್ತಿತ್ತು. ಆ ಅವ್ವನಿಗೆ ಡ್ರೈವರೆಂದರೆ ಅವರೊಬ್ಬರೇ.

ನಾನು ಆಗ ಗೋಕಾಕಿನ ಹೊರವಲಯದಲ್ಲಿದ್ದ ಒಂದು ಕಂಪನಿ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡುತ್ತಿದ್ದೆ. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷವಾಗಿತ್ತು. ಹೊಸ ಗಾಡಿಗಳನ್ನು ತಪಾಸಿಸುವ ಸ್ಕ್ಯಾನರ್ ಬಂದಾಗ ಅದನ್ನು ಕಲಿಯಲು ಎಂಟು ದಿನ ಪುಣೆಗೆ ಹೋಗಿ ಬಂದವನು ಇಡೀ ವರ್ಕ್‌ಶಾಪಿನಲ್ಲಿ ನಾನೊಬ್ಬನೇ. ಆ ಡಬ್ಬಿಯನ್ನು ಬೇರೆಯವರು ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಗಾಡಿಯಿಂದ ಗಾಡಿಗೆ ನಡೆಯುವಾಗ ನನ್ನ ನಡಿಗೆಯೇ ಬೇರೆಯಾಗುತ್ತಿತ್ತು ಎಂದು ಈಗ ಅನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ಸಾವಕಾರರು ಒಂದು ಭಾರಿ ಗಾಡಿ ತಂದರು. ಅದರಲ್ಲಿ ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇರಲಿಲ್ಲ. ಗೇರಿನ ಪಕ್ಕದಲ್ಲಿ ಬೆರಳಗಲದ ಒಂದು ಸ್ವಿಚ್ಚು. ಅದನ್ನು ಎತ್ತಿದರೆ ಹಿಂದುಗಡೆ ಒಂದು ಸಣ್ಣ ಮೋಟರು ಗುರ್ರೆಂದು ತಿರುಗಿ ಹಿಂದಿನ ಗಾಲಿಗಳ ಬ್ರೇಕನ್ನು ಬಿಗಿಯುತ್ತಿತ್ತು. ಆ ಮೋಟರಿಗೆ ಅಪ್ಪಣೆ ಕೊಡುವ ಕಂಟ್ರೋಲ್ ಬಾಕ್ಸು ಇದ್ದದ್ದು ಡಿಕ್ಕಿಯ ಮೂಲೆಯಲ್ಲಿ, ಹಾಸಿನ ಕೆಳಗೆ.

ಒಂದು ವರ್ಷ ಕಳೆದಿರಬೇಕು. ಕಾಕಾ ಗಾಡಿ ತಂದು ನಿಲ್ಲಿಸಿ ನನ್ನ ಹತ್ತಿರ ಬಂದರು.

"ಸಾಹೇಬ್ರ, ಬ್ರೇಕಿನ ದೀಪ ಮಿಣಮಿಣ ಅನ್ನಾಕತ್ತೈತಿ."

ಸ್ಕ್ಯಾನರ್ ಜೋಡಿಸಿದೆ. ಎಂಜಿನ್ ಉತ್ತರ ಕೊಟ್ಟಿತು, ಏರ್‌ಬ್ಯಾಗ್ ಉತ್ತರ ಕೊಟ್ಟಿತು. ಬ್ರೇಕಿನ ಬಾಕ್ಸಿನ ಸರದಿ ಬಂದಾಗ ಪರದೆಯ ಮೇಲೆ 'ಸಂಪರ್ಕವಿಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು ಮೂಡಿತು. ಬ್ಯಾಟರಿಯ ತಂತಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು, ಮತ್ತೆ ಜೋಡಿಸಿದೆ. ಬಾಕ್ಸು ಮಾತಾಡಿತು. ದಾಖಲಾಗಿದ್ದ ದೋಷವನ್ನು ಅಳಿಸಿದೆ. ದೀಪ ಆರಿತು. 'ದೋಷವಿಲ್ಲ' ಎಂದು ಕಾಗದ ಅಚ್ಚು ಹಾಕಿ ಸಹಿ ಮಾಡಿ ಕೊಟ್ಟೆ.

"ಏನಾಗಿತ್ರಿ ಅದಕ್ಕ?"

"ಏನೂ ಆಗಿಲ್ಲ ಕಾಕಾ. ಒಮ್ಮೊಮ್ಮೆ ಹಂಗಾಗತೈತಿ. ರೀಸೆಟ್ ಮಾಡೇನಿ."

ಅವರು ಕಾಗದವನ್ನು ನೋಡಿದರು, ಗಾಡಿಯನ್ನು ನೋಡಿದರು. "ಕುರಿ ಮಾತಾಡತೈತೇನ್ರಿ? ಹಿಂಡಿನ್ಯಾಗ ಒಂದು ಹಿಂದ ಬಿತ್ತಂದ್ರ ಯಾಕ ಬಿತ್ತು ಅಂತ ನೋಡಬೇಕು. ಬಡದ್ರ ಮುಂದ ಹೊಕ್ಕೈತಿ, ಖರೆ. ಬ್ಯಾನಿ ಹೊಕ್ಕೈತೇನು?" ಎಂದರು. ನಾನು ನಕ್ಕೆ. ಆಮೇಲೆ ಊಟದ ಹೊತ್ತಿನಲ್ಲಿ ಗೆಳೆಯರಿಗೆ ಅದನ್ನು ಅವರದೇ ದನಿಯಲ್ಲಿ ಅಣಕಿಸಿ ತೋರಿಸಿದೆ. ಎಲ್ಲರೂ ನಕ್ಕರು.

ಎರಡನೆಯ ಸಲ ಬಂದಾಗ ಅವರ ಹತ್ತಿರ ಗುರುತುಗಳಿದ್ದವು. ಗಾಡಿ ತೊಳೆದ ಮರುದಿನ ದೀಪ ಮಿಟುಕುತ್ತದೆ, ಬಿಸಿಲಿಗೆ ಎರಡು ದಿನ ನಿಂತರೆ ಸರಿಹೋಗುತ್ತದೆ. ಇನ್ನೊಂದು: "ಸ್ವಿಚ್ ಎತ್ತಿದ್ರ ದಿನಾ ಮೂರು ಎಣಸೂತನಕ ಗುರ್ರ್ ಅಂತಿತ್ರಿ. ನಿನ್ನೆ ಒಂದು ಅನ್ನೂದ್ರಾಗ ನಿಂತು. ಬ್ರೇಕ್ ಪೂರಾ ಹಿಡದಿಲ್ಲ ಅದು." ಇಷ್ಟು ಕರಾರುವಾಕ್ಕಾಗಿ ದೋಷ ವಿವರಿಸಿದ ಗಿರಾಕಿಯನ್ನು ನಾನು ಆಮೇಲೆ ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಆ ದಿನ ಮಾತ್ರ ನಾನು ಸ್ವಿಚ್ ಎತ್ತಿದಾಗ ಮೋಟರು ಮೂರೂ ಎಣಿಕೆ ತಿರುಗಿತು. ಸ್ಕ್ಯಾನರಿಗೂ ಬಾಕ್ಸು ಸುಸೂತ್ರ ಉತ್ತರ ಕೊಟ್ಟಿತು. ಮತ್ತೆ ಕಾಗದ, ಮತ್ತೆ ಸಹಿ.

ಮೂರನೆಯ ಸಲ ಬಂದದ್ದು ಒಂದು ಶನಿವಾರ. ಪರದೆಯ ಮೇಲೆ ಮತ್ತೆ ಅದೇ ಸಾಲು, 'ಸಂಪರ್ಕವಿಲ್ಲ'. ನಾನು ಬ್ಯಾಟರಿಯ ಕಡೆ ಹೊರಟೆ. ಕಾಕಾ ಡಿಕ್ಕಿ ತೆರೆದು, ತಲೆ ಒಳಗೆ ಹಾಕಿ, ಮೂಸಿ ನೋಡಿ ಕರೆದರು.

"ಇಲ್ಲಿ ಬರ್ರಿ ಸಾಹೇಬ್ರ. ಹಸಿ ವಾಸನಿ ಬರಾಕತ್ತೈತಿ. ಈ ಹಾಸು ಎತ್ತಿ ನೋಡ್ರಿ ಒಮ್ಮೆ."

"ಹಾಸು ಎತ್ತಿ ನೋಡೂದಿದ್ರ ಈ ಮಷೀನ್ ಯಾಕ ಬೇಕು ಕಾಕಾ?"

"ನಿಮ್ಮ ಮಷೀನು ಬಾಕ್ಸಿನ ಕೂಡ ಮಾತಾಡತೈತಿ. ಬಾಕ್ಸಿಗೆ ಉಸುರ ಇಲ್ಲಂದ್ರ ಅದು ಏನ್ ಮಾತಾಡೀತ್ರಿ?"

ಪುಣೆಯಲ್ಲಿ ಕಲಿಸಿದ ಮೊದಲ ಪಾಠವೂ ಅದೇ ಆಗಿತ್ತು. ಒಂದು ಬಾಕ್ಸು ಉತ್ತರಿಸದಿದ್ದರೆ ಬಾಕ್ಸನ್ನು ಬೈಯಬೇಡಿ, ಅದಕ್ಕೆ ಕರೆಂಟು ಬರುತ್ತಿದೆಯೇ, ಅದರ ಅರ್ಥ್ ವೈರು ಗಾಡಿಯ ಮೈಗೆ ಗಟ್ಟಿಯಾಗಿ ಕೂತಿದೆಯೇ, ಮೊದಲು ಅದನ್ನು ನೋಡಿ, ಮಾತು ಸಾಗಿಸುವ ವೈರುಗಳನ್ನು ಆಮೇಲೆ ನೋಡಿ. ನಾನು ಇದನ್ನು ನೋಟುಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಹಾಸು ಎತ್ತಲು ಪಕ್ಕದ ಹಲಗೆಗಳನ್ನು ಬಿಚ್ಚಬೇಕು, ಅರ್ಧ ತಾಸಿನ ಕೆಲಸ. ಆ ಸಂಜೆ ನಾಗನೂರಿಗೆ ಹೆಣ್ಣು ನೋಡಲು ಹೋಗುವುದಿತ್ತು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಹೊಸ ಅಂಗಿ ತೊಡಬೇಕಿತ್ತು. ಬ್ಯಾಟರಿ ಬಿಚ್ಚಿ ಜೋಡಿಸಿ, ದೋಷ ಅಳಿಸಿ, ಮೂರನೆಯ ಕಾಗದಕ್ಕೆ ಸಹಿ ಹಾಕಿದೆ. ಆ ದಿನ ನೋಡಿದ ಹುಡುಗಿಯೇ ಈಗ ನನ್ನ ಹೆಂಡತಿ. ಆ ಸಂಜೆ ಕೊಟ್ಟ ಚುರುಮುರಿಯಲ್ಲಿ ಉಪ್ಪು ಹೆಚ್ಚಾಗಿತ್ತೆಂದು ಇಂದಿಗೂ ಚೇಷ್ಟೆ ಮಾಡುತ್ತೇನೆ. ಆ ಮಧ್ಯಾಹ್ನದ ಸಹಿಯ ವಿಷಯ ಅವಳಿಗೂ ಹೇಳಿಲ್ಲ.

ಕಾಕಾ ಅಂದಿನಿಂದ ಡಿಕ್ಕಿಯಲ್ಲಿ ಗೋಣಿಚೀಲ ಸುತ್ತಿದ ಒಂದು ಕಲ್ಲು ಇಟ್ಟುಕೊಂಡರು. ಎಲ್ಲಿ ನಿಲ್ಲಿಸಿದರೂ ಗಾಲಿಯ ಹಿಂದೆ ಅದನ್ನು ಒತ್ತು ಕೊಡುತ್ತಿದ್ದರು. ಸಾವಕಾರರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. "ಇದೇನ ಚಕ್ಕಡಿ ಐತೇನೋ? ಇಷ್ಟ ದೊಡ್ಡ ಗಾಡಿಗೆ ಕಲ್ಲ ಕೊಡ್ತಿ, ಮಂದಿ ನಗತಾರ" ಎಂದು ಕಲ್ಲನ್ನು ತೆಗೆಸಿ ಒಗೆಸಿದರು. ಅವರ ಕೈಯಲ್ಲಿ ನನ್ನ ಮೂರು ಕಾಗದಗಳಿದ್ದವು. ಓದಿ ಬರೆದವರು ಬರೆದುಕೊಟ್ಟದ್ದನ್ನು ನಂಬಬೇಕೋ ಡ್ರೈವರನ ಮೂಗನ್ನು ನಂಬಬೇಕೋ?

ಘಟನೆ ನಡೆದದ್ದು ಹುಕ್ಕೇರಿಯಲ್ಲಿ, ಸಾವಕಾರರ ಬೀಗರ ಮನೆಯ ಮದುವೆಯ ದಿನ. ಹಿಂದಿನ ದಿನ ಗಾಡಿಯನ್ನು ತೊಳೆದು ಮಿರಮಿರ ಮಿಂಚುವಂತೆ ಮಾಡಿದ್ದರು. ಮಂಗಲ ಕಾರ್ಯಾಲಯದ ಮುಂದಿನ ರಸ್ತೆ ಇಳಿಜಾರು, ಗಾಡಿ ನಿಂತದ್ದು ಏರಿಗೆ ಮುಖ ಮಾಡಿ. ಅವ್ವನಿಗೆ ಸೆಕೆ ತಡೆಯುವುದಿಲ್ಲ, ಒಳಗಿನಿಂದ ಹೆಂಗಸರು ಬಂದು ಕೈಹಿಡಿದು ಕರೆದೊಯ್ಯುವವರೆಗೆ ಗಾಡಿಯಲ್ಲೇ ತಂಪಿನಲ್ಲಿ ಕೂತಿರಲಿ ಎಂದರು ಸಾವಕಾರರು. ಹಾಗಾಗಿ ಎಂಜಿನ್ ಆರಿಸುವಂತಿಲ್ಲ, ಗೇರಿನಲ್ಲಿ ಹಾಕಿ ನಿಲ್ಲಿಸುವಂತಿಲ್ಲ. ಇಡೀ ಗಾಡಿ ನಿಲ್ಲಬೇಕಾದದ್ದು ಆ ಒಂದು ಸ್ವಿಚ್ಚಿನ ಮೇಲೆ. ಕಾಕಾ ಸ್ವಿಚ್ ಎತ್ತಿದರು. ಮೋಟರು ಒಂದು ಎಣಿಸುವಷ್ಟರಲ್ಲಿ ನಿಂತಿತು.

ಅವರು ಕಾಲಬ್ರೇಕನ್ನು ಬಿಡದೆ ಹೇಳಿದರು: "ಸಾವಕಾರ್ರ, ಬ್ರೇಕ್ ಹಿಡದಿಲ್ಲ. ಯಾರಿಗರೆ ಒಂದ ಕಲ್ಲ ತರಾಕ ಹೇಳ್ರಿ, ಕೊಡತೇನಿ."

"ಬೀಗರ ಬಾಗಲದಾಗ ನನ್ನ ಮಾನಾ ಕಳೀಬ್ಯಾಡ. ವರ್ಕ್‌ಶಾಪಿನವ್ರು ಬರದ ಕೊಟ್ಟಾರ. ಮೊದಲ ಇಳದು ಆ ಆಹೇರಿ ಚೀಲಾ ಒಳಗ ಒಯ್ಯಿ."

ಇಪ್ಪತ್ತಾರು ವರ್ಷ ಉಂಡ ಮನೆಯ ಮಾತು. ಕಾಕಾ ಸ್ವಿಚ್ಚನ್ನು ಇನ್ನೆರಡು ಸಲ ಎತ್ತಿದರು, ಕಾಲನ್ನು ನಿಧಾನಕ್ಕೆ ತೆಗೆದು ನೋಡಿದರು. ಗಾಡಿ ನಿಂತಿತು. ಇಳಿದರು. ಉಡುಗೊರೆಯ ಚೀಲ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಹಿಂದೆ ಚೀರಾಟ ಕೇಳಿಸಿತು. ಕಾರ್ಯಾಲಯದ ಕಂಪೌಂಡಿಗೆ ಬೆನ್ನು ಕೊಟ್ಟು ಕೂತಿದ್ದ ಬಳೆಗಾರ್ತಿ, ಮದುವೆಮನೆಯ ಹೆಂಗಸರಿಗೆ ಬಳೆ ಇಡಿಸಲು ಬಂದಾಕೆ, ಹಿಂದಕ್ಕೆ ಉರುಳಿ ಬರುತ್ತಿದ್ದ ಗಾಡಿಯನ್ನು ಕಂಡು ಏಳಲು ಗೋಡೆಗೆ ಕೈ ಊರಿದ್ದಳು. ಗೋಡೆಗೂ ಬಂಪರಿಗೂ ನಡುವೆ ಸಿಕ್ಕದ್ದು ಆ ಬಲಗೈ. ಒಳಗೆ ಕೂತಿದ್ದ ಅವ್ವನಿಗೆ ಏನೂ ಆಗಲಿಲ್ಲ.

ಗಾಡಿಯನ್ನು ನಮ್ಮ ವರ್ಕ್‌ಶಾಪಿಗೆ ಎಳೆದು ತಂದರು. ಮರುದಿನ ಬ್ರೇಕ್ ಪರೀಕ್ಷಿಸಲು ಸರಕಾರದ ಇನ್‌ಸ್ಪೆಕ್ಟರು ಬರುವವರಿದ್ದರು. ಅದಕ್ಕೆ ಮೊದಲೇ ನಾನು, ಯಾರೂ ಹೇಳದಿದ್ದರೂ, ಹಲಗೆಗಳನ್ನು ಬಿಚ್ಚಿ ಡಿಕ್ಕಿಯ ಹಾಸನ್ನು ಎತ್ತಿದೆ. ಕೆಳಗೆ ನೀರು ನಿಂತಿತ್ತು. ಹಿಂದಿನ ದೀಪದ ರಬ್ಬರು ಒಂದು ಕಡೆ ಸೀಳಿತ್ತು, ತೊಳೆದಾಗಲೆಲ್ಲ ನೀರು ಅಲ್ಲಿಂದ ಇಳಿಯುತ್ತಿತ್ತು. ಬಾಕ್ಸಿನ ಅರ್ಥ್ ವೈರಿನ ಬೋಲ್ಟಿಗೆ ಹಸಿರು ಕಿಲುಬು ಹತ್ತಿತ್ತು. ಬೆರಳಿನಿಂದ ಮುಟ್ಟಿದರೆ ವೈರು ಅಲುಗಾಡಿತು. ಬಾಕ್ಸಿಗೆ ಉಸಿರು ಇರಲಿಲ್ಲ.

ಮ್ಯಾನೇಜರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿ ನೋಡಿದರು.

"ಮೂರು ಸಲ ಸಹಿ ಮಾಡೀರಿ ನೀವು," ಎಂದರು.

"ಹೌದ್ರಿ."

"ಒರಸಿ ಟೈಟ್ ಮಾಡ್ರಿ."

ಇಷ್ಟೇ ಮಾತು. ಹೆದರಿಸಲಿಲ್ಲ, ಬೈಯಲಿಲ್ಲ. ನಾನು ಪಾಲಿಶ್ ಕಾಗದ ತಂದು ಬೋಲ್ಟನ್ನು ಹೊಳೆಯುವವರೆಗೂ ತಿಕ್ಕಿದೆ. ನೀರನ್ನು ಅರಿವೆಯಿಂದ ಹೀರಿಸಿದೆ. ಹೊಸ ರಬ್ಬರು ಕೂರಿಸಿದೆ. ನನ್ನ ಬದುಕಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಮರುದಿನ ಇನ್‌ಸ್ಪೆಕ್ಟರು ಸ್ವಿಚ್ ಎತ್ತಿದಾಗ ಮೋಟರು ಮೂರು ಎಣಿಕೆ ಗುರ್ರೆಂದಿತು. ಬ್ರೇಕು ಸುಸ್ಥಿತಿಯಲ್ಲಿದೆ ಎಂದು ಅವರು ಬರೆದರು. ಬ್ರೇಕು ಸುಸ್ಥಿತಿಯಲ್ಲಿದ್ದ ಮೇಲೆ ತಪ್ಪು ಯಾರದೆಂದು ಬರೆಯಬೇಕಾಗಿಯೇ ಇರಲಿಲ್ಲ.

ಕೇಸು ಹುಕ್ಕೇರಿ ಕೋರ್ಟಿನಲ್ಲಿ ನಡೆಯಿತು. ತಪ್ಪೊಪ್ಪಿಕೊಂಡರೆ ಸಣ್ಣದರಲ್ಲಿ ಮುಗಿಯುತ್ತದೆ ಎಂದು ವಕೀಲರೇ ಬುದ್ಧಿ ಹೇಳಿದರೂ ಕಾಕಾ ಕೇಳಲಿಲ್ಲ. "ಮಾಡದ್ದನ್ನ ಮಾಡೇನಿ ಅಂತ ಹೆಂಗ ಅನ್ಲಿ?" ಸಾವಕಾರರ ಮನೆಯ ಕೆಲಸ ಮೊದಲೇ ಹೋಗಿತ್ತು. ಅವ್ವ ಮಾತ್ರ ಬಂದವರೆದುರೆಲ್ಲ ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದರಂತೆ: "ತೋ ದಗಡ ಮಾಗತ ಹೋತಾ", ಅವನು ಕಲ್ಲು ಕೇಳುತ್ತಿದ್ದ. ಸಾವಕಾರರನ್ನು ಬಿಟ್ಟರೆ ಗಾಡಿಯೊಳಗೆ ಕೂತು ಕಿವಿಯಾರೆ ಕೇಳಿದ್ದ ಸಾಕ್ಷಿ ಅದೊಂದೇ. ಪೊಲೀಸರು ವಿಚಾರಿಸಲು ಬಂದಾಗ ಮಗ, "ಅವ್ವಗ ವಯಸ್ಸಾಗೇತ್ರಿ, ಏನೇನೋ ಅಂತಾಳ" ಎಂದುಬಿಟ್ಟರು. ಕೇಸು ಮುಗಿಯುವ ಮೊದಲೇ ಆಕೆ ತೀರಿಕೊಂಡರು.

ನನ್ನನ್ನೂ ಸಾಕ್ಷಿಗೆ ಕರೆದರು. ಕಾಗದಗಳನ್ನು ತೋರಿಸಿ, "ಈ ಸಹಿ ನಿಮ್ಮದೇ?" ಎಂದು ಕೇಳಿದರು. ಹೌದೆಂದೆ. "ಅಂದು ಯಂತ್ರ ಯಾವುದಾದರೂ ದೋಷ ತೋರಿಸಿತ್ತೇ?" ದೋಷ ಅಳಿಸಿದ ಮೇಲೆ ಯಂತ್ರ ಏನೂ ತೋರಿಸಿರಲಿಲ್ಲ. ಇಲ್ಲವೆಂದೆ. ಕಾಕಾನ ವಕೀಲರು ಎದ್ದು ಎರಡು ಪ್ರಶ್ನೆ ಕೇಳಿ ಕೂತರು, ಗಾಡಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಕಾಕಾ ಕಟಕಟೆಯಲ್ಲಿ ತಲೆಯನ್ನು ಸ್ವಲ್ಪ ವಾರೆ ಮಾಡಿ ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಇವನು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾಯುವವರ ಹಾಗೆ ನಾನು ಇಳಿದು ಹೋಗುವವರೆಗೂ ನನ್ನನ್ನೇ ನೋಡುತ್ತಿದ್ದರು.

ದಂಡವಾಯಿತು, ಲೈಸೆನ್ಸ್ ರದ್ದಾಯಿತು. ಕಾಕಾ ತುಕ್ಕಾನಟ್ಟಿಗೆ ಮರಳಿ ತಮ್ಮನ ಕುರಿ ಕಾಯತೊಡಗಿದರು.

ತೀರ್ಪಾದ ಮೂರು ತಿಂಗಳಿಗೆ ನಾನು ಆ ಕೆಲಸ ಬಿಟ್ಟೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದರೆ ಸುಳ್ಳು, ಸ್ವಂತ ಅಂಗಡಿಗೆ ಜಾಗ ಸಿಕ್ಕಿತ್ತು. ಆದರೆ ಬಿಟ್ಟ ಮೇಲೆ ಮ್ಯಾನೇಜರ ಅಂಜಿಕೆ ಇಲ್ಲವಾಗಿ, ಇಷ್ಟು ದಿನ ನಾನು ಅಂಜಿದ್ದು ಯಾರಿಗೆಂದು ತಿಳಿಯದಾಯಿತು. ಒಂದು ರವಿವಾರ ತುಕ್ಕಾನಟ್ಟಿಗೆ ಹೋದೆ. ಊರ ಹೊರಗೆ ಕೊಯ್ಲಾದ ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದರು. ಮೈಮೇಲೆ ಅದೇ ಬಿಳಿ ಅಂಗಿ. ತೊಳೆದು ತೊಳೆದು ತೆಳ್ಳಗಾಗಿತ್ತು.

ಬೋಲ್ಟಿನ ಕಿಲುಬು, ನೀರು, ಪಾಲಿಶ್ ಕಾಗದ, ಎಲ್ಲವನ್ನೂ ಹೇಳಿದೆ.

"ಅರ್ಥ್ ವೈರೇನು? ನಾ ಕರೆಂಟಿನ ವೈರ್ ಅಂತ ತಿಳದಿದ್ದೆ," ಎಂದರು. ಎರಡು ವರ್ಷ ಅದನ್ನೇ ಯೋಚಿಸುತ್ತಿದ್ದವರ ಹಾಗೆ. ಆಮೇಲೆ ಮೊದಲ ಸಲ ನನ್ನನ್ನು ಸಾಹೇಬ್ರ ಎನ್ನದೆ ಕರೆದರು. "ತಮ್ಮಾ, ಇದನ್ನ ನನಗ ಯಾಕ ಹೇಳಾಕ ಬಂದಿ? ನನಗ ಗೊತ್ತಿದ್ದದ್ದ ಐತಿ."

"ಕ್ಷಮಾ ಮಾಡ್ರಿ ಕಾಕಾ."

"ಅದು ಇರಲಿ. ಹುಕ್ಕೇರ್ಯಾಗ ಆಕಿ ಅದಾಳಲ್ಲ, ಬಳಿಗಾರ್ತಿ. ಆಕಿಗೆ ಗೊತ್ತಿಲ್ಲ. ನಾ ಪ್ರತಿ ಅಮಾಸಿಗೆ ಹೊಕ್ಕೇನಿ. ಮೊದಲೆಲ್ಲ ಬಾಗಲಾ ಹಾಕೊಂತಿದ್ಲು. ಈಗ ಕಟ್ಟಿ ಮ್ಯಾಲೆ ಕುಂಡ್ರು ಅಂತಾಳ. ಆದ್ರ ನಾ ಬ್ರೇಕ್ ಹಾಕದ ಇಳದೇನಿ ಅಂತನ ಆಕಿ ಮನಸಿನ್ಯಾಗ ಐತಿ. ಕೈ ಹೋದಾಕಿಗೆ ಖರೆ ಏನಂತ ಗೊತ್ತಾಗಬೇಕು. ನೀ ಒಮ್ಮೆ ಹೋಗಿ ಹೇಳಿಬಿಡು. ನನಗ ಮತ್ತೇನೂ ಬ್ಯಾಡ."

"ಮುಂದಿನ ವಾರ ಹೊಕ್ಕೇನಿ" ಎಂದೆ.

ಗೋಕಾಕಿನಿಂದ ಹುಕ್ಕೇರಿ ದೂರವೇನಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಮುಂದಿನ ವಾರ ಅಂಗಡಿಯ ಪೂಜೆ ಇತ್ತು. ಅದರ ಮುಂದಿನ ವಾರ ಬೇರೆ ಏನೋ ಇತ್ತು. ಮಗಳು ಹುಟ್ಟಿದಳು. ಎರಡು ವರ್ಷ ನಾನು ಹೋಗಲಿಲ್ಲ. ಅವರು ಹೋಗಿಬಿಟ್ಟರು.

ಸುದ್ದಿ ಕೇಳಿದ ಮರುದಿನ ಅಂಗಡಿ ಮುಚ್ಚಿ ಹುಕ್ಕೇರಿಗೆ ಹೋದೆ. ಬಳೆಗಾರ್ತಿಯ ಮನೆ ಕೇಳಿಕೊಂಡು ಹುಡುಕಿದೆ. ಕಟ್ಟೆಯ ಮೇಲೆ ಕೂತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದಳು. ಬಲಗೈ ಮಡಿಲಲ್ಲಿತ್ತು, ಬೆರಳುಗಳು ಒಳಕ್ಕೆ ಮುದುರಿದ್ದವು. ನಾನು ಯಾರೆಂದು ಹೇಳಿದೆ. ಕಾಕಾ ತೀರಿಕೊಂಡದ್ದನ್ನು ಹೇಳಿದೆ.

"ಅದಕ್ಕ ಈ ಅಮಾಸಿಗೆ ಬರಲಿಲ್ಲ," ಎಂದಳು.

ನಿಂತೇ ಉಳಿದದ್ದನ್ನೂ ಹೇಳಿದೆ. ಅವರು ಬ್ರೇಕ್ ಹಾಕಿಯೇ ಇಳಿದಿದ್ದರು, ಬ್ರೇಕು ಕೆಟ್ಟಿತ್ತು, ಅದನ್ನು ಮೂರು ಸಲ ಅವರು ಹೇಳಿದ್ದರು, ಕೆಟ್ಟಿಲ್ಲವೆಂದು ಬರೆದುಕೊಟ್ಟವನು ನಾನು, ಆಮೇಲೆ ಕುರುಹು ಅಳಿಸಿದವನೂ ನಾನು. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಕಾದೆ.

"ಇನ್ನೊಮ್ಮೆ ಹೇಳ್ರಿ," ಎಂದಳು.

ಹೇಳತೊಡಗಿದೆ.

"ಹಿಂಗಲ್ಲ. ಅಲ್ಲಿ ಓಣಿ ನಡುವ ನಿಂದರ್ರಿ. ಈ ಮಂದಿ ಮುಂದ ನಾ ಅಂವನ್ನ ಎಷ್ಟ ಬೈದೇನಿ. ಕಟ್ಟಿ ಮ್ಯಾಲೆ ಕುಂತು ಸುಮ್ಮನ ಬೈಸ್ಕೊಂಡ ಹೋಗಿದ್ದ ಅಂವಾ. ಎಲ್ಲಾರಿಗೂ ಕೇಳೂಹಂಗ ಹೇಳ್ರಿ."

ಓಣಿಯ ನಡುವೆ ನಿಂತು ಮತ್ತೆ ಮೊದಲಿನಿಂದ ಹೇಳಿದೆ. ದನಿ ಸಣ್ಣದಾದಾಗಲೆಲ್ಲ ಅವಳು "ದೊಡ್ಡಕ" ಎನ್ನುತ್ತಿದ್ದಳು. ನಳದ ಹತ್ತಿರ ಕೊಡ ಹಿಡಿದಿದ್ದ ಹೆಂಗಸರು ತಿರುಗಿ ನೋಡಿದರು. ಸೈಕಲ್ ಮೇಲೆ ಹೊರಟಿದ್ದ ಒಬ್ಬಾತ ಕಾಲು ಊರಿ ನಿಂತು, "ಯಾರ್ರಿ ಇವರು?" ಎಂದು ಅವಳನ್ನು ಕೇಳಿದ.

"ಬರ್ತಾನ, ಅಂವ ಬಂದ ಹೇಳ್ತಾನ ಅಂತ ಎರಡ ವರ್ಷ ಅಂತಿದ್ನಲ್ಲ ಆ ಡ್ರೈವರ," ಎಂದಳು ಅವಳು, "ಆ ಬರಬೇಕಾದವರು ಇವರು."